ಹನ್ನೊಂದು ದಿನ ಎಲ್ಲಿ ಹೋದವು?

ಲಿನಕ್ಸ್ ಲ್ಯಾಬ್‌ನಲ್ಲಿ ಕೂತಾಗ ಟರ್ಮಿನಲ್‌ನಲ್ಲಿ ‘ಕ್ಯಾಲ್ 9 1752’ ಅಂತ ಒಮ್ಮೆ ಇಂಗ್ಲಿಷಿನಲ್ಲಿ ಟೈಪ್ ಮಾಡಿ ನೋಡಿ. ಆ ವರ್ಷದ ಸೆಪ್ಟೆಂಬರ್ ತಿಂಗಳು ಬರುತ್ತೆ, ಆದರೆ 2ನೇ ತಾರೀಖಿನ ಪಕ್ಕದಲ್ಲೇ 14 ಇರುತ್ತೆ. ಇದು ಬಗ್ ಅಲ್ಲ. ಹೈಸ್ಕೂಲಿನಲ್ಲಿ ಐದು ಅಂಕಕ್ಕಾಗಿ ನಾವೆಲ್ಲ ಬಾಯಿಪಾಠ ಮಾಡಿದ ‘ಮತ ಸುಧಾರಣೆ’ಯ ಒಂದು ಗುರುತು.

ಆ ಕಥೆಯಲ್ಲಿ ಒಂದು ಸಾಲದ ಲೆಕ್ಕವೂ ಇದೆ. ಜರ್ಮನಿಯ ಮೈಂಟ್ಸ್ ನಗರದ ಆರ್ಚ್‌ಬಿಷಪ್ ಹುದ್ದೆ ಪಡೆಯಲು ಆಲ್ಬ್ರೆಕ್ಟ್ ಎಂಬಾತ ಫುಗ್ಗರ್ ಮನೆತನದಿಂದ ಭಾರೀ ಸಾಲ ಮಾಡಿದ್ದ. ತೀರಿಸಲು ಸಿಕ್ಕ ದಾರಿ ಕ್ಷಮಾಪಣಾ ಪತ್ರಗಳ ಮಾರಾಟ. ದುಡ್ಡು ಕೊಟ್ಟು ಪತ್ರ ಕೊಂಡರೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಜನ ನಂಬಿದ್ದರು. ಬಂದ ಹಣದಲ್ಲಿ ಅರ್ಧ ಸಾಲಕ್ಕೆ, ಇನ್ನರ್ಧ ರೋಮಿನ ಸಂತ ಪೀಟರ್ ಚರ್ಚ್ ಕಟ್ಟಲು. 1517ರ ಅಕ್ಟೋಬರ್ 31ರಂದು ವಿಟೆನ್‌ಬರ್ಗ್‌ನ ಪ್ರಾಧ್ಯಾಪಕ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸುವ 95 ಅಂಶಗಳನ್ನು ಬರೆದು ಆಲ್ಬ್ರೆಕ್ಟ್‌ಗೇ ಕಳಿಸಿದ.

ನೂರು ವರ್ಷ ಮುಂಚೆ ಚರ್ಚಿನ ತಪ್ಪುಗಳನ್ನು ಎತ್ತಿ ಆಡಿದ ಯಾನ್ ಹುಸ್‌ನನ್ನು ಜೀವಂತ ಸುಟ್ಟಿದ್ದರು. ಲೂಥರ್‌ಗೆ ಸ್ಯಾಕ್ಸನಿಯ ದೊರೆಯ ಆಸರೆ ಇತ್ತು, ಜೊತೆಗೆ ಅಚ್ಚಿನ ಯಂತ್ರವೂ ಇತ್ತು. 1522ರಲ್ಲಿ ಅವನು ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಜನರಾಡುವ ಜರ್ಮನ್ ಭಾಷೆಗೆ ತಂದ. ದೇವರ ಮಾತನ್ನು ನೀನೇ ಓದು ಅಂದ ಮೇಲೆ ಅಕ್ಷರ ಕಲಿಸಬೇಕಲ್ಲ? 1524ರಲ್ಲಿ ನಗರಸಭೆಗಳಿಗೆ ಪತ್ರ ಬರೆದು, ಹೆಣ್ಣುಮಕ್ಕಳಿಗೂ ಸೇರಿ ಶಾಲೆ ತೆರೆಯಿರಿ ಎಂದ.

ಆದರೆ ಓದಿದವರು ಸುಮ್ಮನಿರಲಿಲ್ಲ. 1525ರಲ್ಲಿ ದಕ್ಷಿಣ ಜರ್ಮನಿಯ ರೈತರು ಬೈಬಲ್ ಆಧಾರದಲ್ಲೇ ಜೀತ ಬೇಡ ಎಂದರು. ಲೂಥರ್ ನಿಂತದ್ದು ದೊರೆಗಳ ಪರ. ರೈತರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಜೂರಿಕ್‌ನಲ್ಲಿ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಆಗಬೇಕು ಎಂದು ಪಟ್ಟು ಹಿಡಿದ ಫೆಲಿಕ್ಸ್ ಮಾಂಟ್ಸ್‌ನನ್ನು 1527ರಲ್ಲಿ ನದಿಯಲ್ಲಿ ಮುಳುಗಿಸಿ ಕೊಂದರು. ಕೊಂದದ್ದು ಪೋಪ್ ಕಡೆಯವರಲ್ಲ, ಸುಧಾರಣೆಯ ಪರವಾಗಿದ್ದ ನಗರಸಭೆ! ಪ್ರಶ್ನೆ ಕೇಳುವ ಹಕ್ಕು ತಮಗೆ ಬೇಕು ಎಂದವರು ಅದನ್ನು ಇನ್ನೊಬ್ಬರಿಗೆ ಕೊಡಲು ತಯಾರಿರಲಿಲ್ಲ.

ಇತ್ತ ಕ್ಯಾಥೋಲಿಕರೂ ತಮ್ಮ ಮನೆ ರಿಪೇರಿಗೆ ಇಳಿದರು. 1545ರಿಂದ 1563ರವರೆಗೆ ಬಿಟ್ಟು ಬಿಟ್ಟು ನಡೆದ ಟ್ರೆಂಟ್ ಸಭೆ ಸಿದ್ಧಾಂತದಲ್ಲಿ ಜಗ್ಗಲಿಲ್ಲ. ಆದರೆ ಕ್ಷಮಾಪಣಾ ಪತ್ರ ಮಾರುವವರ ಹುದ್ದೆಯನ್ನೇ ರದ್ದು ಮಾಡಿತು. ಬಿಷಪ್ ತನ್ನ ಪ್ರಾಂತ್ಯದಲ್ಲೇ ವಾಸವಿರಬೇಕು, ಪಾದ್ರಿಗಳಾಗುವವರಿಗೆ ಸರಿಯಾದ ತರಬೇತಿ ಕೊಡಬೇಕು ಎಂದಿತು. 1540ರಲ್ಲಿ ಮಾನ್ಯತೆ ಪಡೆದ ಜೆಸ್ವಿಟರು 1548ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಕಾಲೇಜು ತೆರೆದರು. 1599ರ ಹೊತ್ತಿಗೆ ತಮ್ಮ ಕಾಲೇಜುಗಳಿಗೆಲ್ಲ ಒಂದೇ ಪಠ್ಯಕ್ರಮ ರೂಪಿಸಿದರು. ಇದೇ ಚರ್ಚು 1559ರಲ್ಲಿ ಓದಬಾರದ ಪುಸ್ತಕಗಳ ಪಟ್ಟಿಯನ್ನೂ ಹೊರಡಿಸಿತ್ತು ಅನ್ನೋದನ್ನ ಮರೆಯೋ ಹಾಗಿಲ್ಲ.

ಈಗ ಕ್ಯಾಲೆಂಡರಿಗೆ ಬರೋಣ. ಹಳೆಯ ಜೂಲಿಯನ್ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದ. ಶತಮಾನಗಳಲ್ಲಿ ಈ ತಪ್ಪು ಬೆಳೆದು ಬೆಳೆದು ಹತ್ತು ದಿನವಾಗಿತ್ತು. ಜೆಸ್ವಿಟ್ ಗಣಿತಜ್ಞ ಕ್ಲಾವಿಯಸ್ ಇದ್ದ ತಂಡದ ಲೆಕ್ಕ ನಂಬಿ ಪೋಪ್ 13ನೇ ಗ್ರೆಗರಿ 1582ರ ಅಕ್ಟೋಬರ್ 4ರ ಮರುದಿನವೇ 15 ಎಂದು ಸಾರಿದ. ಸ್ಪೇನ್, ಪೋರ್ಚುಗಲ್ ಕೂಡಲೇ ಒಪ್ಪಿದವು. ಪ್ರೊಟೆಸ್ಟಂಟ್ ನಾಡುಗಳು ಹೆಚ್ಚಿನವು ಒಪ್ಪಲಿಲ್ಲ. ಲೆಕ್ಕ ಸರಿಯಿತ್ತು, ಹೇಳಿದವನು ಪೋಪ್ ಆಗಿದ್ದ, ಅಷ್ಟೇ. ಇಂಗ್ಲೆಂಡ್ ಒಪ್ಪುವಾಗ 170 ವರ್ಷ ಕಳೆದು, ಅಂತರ ಹನ್ನೊಂದು ದಿನಕ್ಕೆ ಏರಿತ್ತು. ನಡುವೆ 1618ರಿಂದ 1648ರವರೆಗೆ ಮೂವತ್ತು ವರ್ಷದ ಯುದ್ಧವೂ ಮುಗಿದಿತ್ತು. ಒಬ್ಬರನ್ನೊಬ್ಬರು ಮುಗಿಸಲು ಆಗೋದಿಲ್ಲ ಎಂದು ಗೊತ್ತಾದ ಮೇಲೆಯೇ ಜೊತೆಗೆ ಬಾಳುವ ಕರಾರುಗಳು ಗಟ್ಟಿಯಾದದ್ದು.

ಈ ಜಗಳದ ಎರಡೂ ಕವಲು ನಮ್ಮ ಮಂಗಳೂರಿಗೂ ಬಂದವು. 1834ರಲ್ಲಿ ಬಂದ ಪ್ರೊಟೆಸ್ಟಂಟ್ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದರು. 1880ರಲ್ಲಿ ಅದೇ ಊರಲ್ಲಿ ಜೆಸ್ವಿಟರು ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದರು. ಯುರೋಪಿನಲ್ಲಿ ಪೈಪೋಟಿಗೆ ಬಿದ್ದು ಎರಡು ಬಣಗಳು ಬೆಳೆಸಿದ ಅಚ್ಚುಮನೆ ಮತ್ತು ಶಾಲೆ ಇಲ್ಲಿ ಕನ್ನಡಿಗರ ಪಾಲಿಗೆ ಓದಿನ ಬಾಗಿಲುಗಳಾದವು.

ಟೀಮ್ ಮೀಟಿಂಗ್‌ನಲ್ಲಿ ಯಾರು ಹೇಳಿದರು ಅಂತ ನೋಡಿ ಸರಿಯಾದ ಉತ್ತರವನ್ನು ನಾವು ತಳ್ಳಿಹಾಕುವಾಗ ಆ ಸೆಪ್ಟೆಂಬರ್ ತಿಂಗಳನ್ನು ಒಮ್ಮೆ ನೆನೆಸಿಕೊಂಡರೆ ಒಳ್ಳೇದು.