ಘಟ್ಟವಿಳಿದ ಕೆರೂರ ಸೀಮೆಯವರು

ಮಳೆರಾಯನು ಮುನಿದ ವರುಷ ಕೆರೂರ, ಬಾದಾಮಿಗಳ ಸೀಮೆಯ ಒಕ್ಕಲುಮಂದಿ ಮನೆಗೆ ಬೀಗವಿಕ್ಕಿ ಗೋಮಾಂತಕಕ್ಕೆ ಗುಳೆ ಹೋಗುವುದು ವಾಚಕರಿಗೆ ತಿಳಿಯದ ಸಂಗತಿಯಲ್ಲ. ಜೋಳದ ರೊಟ್ಟಿಯುಂಡು ಬೆಳೆದ ದೇಹವು ಅಲ್ಲಿ ಅನ್ನದ ಊಟಕ್ಕೂ ಕಡಲಂಚಿನ ಸೆಕೆಗೂ ಒಗ್ಗಿಕೊಳ್ಳಬೇಕು. ನಾಲಗೆಯಾದರೋ ಬೇಗನೆ ಹೊರಳುತ್ತದೆ. ನೀರನ್ನು 'ಉದಕ'ವೆನ್ನುವ ಕೊಂಕಣಿಯು ನಮ್ಮವರ ಕಿವಿಗೆ ತೀರ ಪರಕೀಯವೂ ಅಲ್ಲ. ಗೌಂಡಿಯ ಕೈಯಾಳು ನಾಲ್ಕಾರು ತಿಂಗಳಲ್ಲಿ ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು ಕಲಿತೇ ಬಿಡುತ್ತಾನೆ. ಇಷ್ಟಾದರೂ ಅವನಿಗೆ 'ಘಾಂಟಿ'ಯೆಂಬ ತಾತ್ಸಾರದ ಹೆಸರು ತಪ್ಪದು.

ಗೋವೆಯವರನ್ನೇ ಹಳಿದು ಫಲವೇನು? 1961ರ ವರೆಗೆ ಪೋರ್ತುಗೀಜರ ಆಳಿಕೆಯಲ್ಲಿದ್ದು, 1987ರಲ್ಲಷ್ಟೇ ತಮ್ಮ ನುಡಿಗೆ ರಾಜಭಾಷೆಯ ಪದವಿಯನ್ನು ಪಡೆದವರು ಅವರು. ಆ ನುಡಿಯ ವಿಷಯದಲ್ಲಿ ಅವರು ಅಂಜುವುದು ಸಹಜ. 19ನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳ ಶಾಲೆಗಳಲ್ಲಿ ಮರಾಠಿ ಮೆರೆದುದನ್ನು ಕಂಡ ನಾಡಿನವರಾದ ನಮಗೆ ಈ ಅಂಜಿಕೆಯು ಅರ್ಥವಾಗಬೇಕು.

ಕಷ್ಟವು ನಿಜವಾಗಿ ಬೀಳುವುದು ಮಕ್ಕಳ ಮೇಲೆ. 2009ರ ಶಿಕ್ಷಣ ಹಕ್ಕಿನ ಕಾಯದೆಯ ಮೇರೆಗೆ, ವರ್ಗಾವಣೆಯ ದಾಖಲೆ ತಡವಾಯಿತೆಂದು ಶಾಲೆಯು ಮಗುವಿಗೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ಬಾಗಿಲು ತೆರೆಯಿತು, ಸರಿ. ಒಳಗಿನ ಪಾಠವು ಕೊಂಕಣಿಯಲ್ಲೋ ಮರಾಠಿಯಲ್ಲೋ ನಡೆದರೆ ಕೆರೂರಿನ ಮೂರನೆಯ ಇಯತ್ತೆಯ ಹುಡುಗಿಯು ಏನನ್ನು ಕಲಿತಾಳು? ಬನಶಂಕರಿಯ ಜಾತ್ರೆಗೆಂದು ಊರಿಗೆ ಮರಳಿದಾಗ ಅವಳಿಗೆ ಎರಡೂ ಕಡೆಯ ಪುಸ್ತಕಗಳು ಅನ್ಯವಾಗಿರುತ್ತವೆ. ಗೋವೆಯಲ್ಲಿ ಕನ್ನಡ ಶಾಲೆಗಳಿವೆಯಾದರೂ ಕೂಲಿಯವರ ಬಿಡಾರವು ಕಟ್ಟಡದ ಕೆಲಸದೊಡನೆ ಅಲೆಯುತ್ತದೆ. ಆದುದರಿಂದ ನಮ್ಮ ಸರಕಾರವು ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊಟ ವಸತಿಗಳೊಡನೆ ಕೆರೂರಿನಲ್ಲಿಯೇ ಇರಿಸಿ ಓದಿಸಬೇಕು. ತಾಯಿತಂದೆಯರ ಜೊತೆಗೆ ಹೋದ ಮಕ್ಕಳಿದ್ದೆಡೆಗೆ ಕನ್ನಡ ಪುಸ್ತಕವನ್ನೂ ಗುರುವನ್ನೂ ಕಳಿಸಬೇಕು.