ಕ್ಯಾನ್ಸರಿನ ಕಣದಿಂದಲೇ ಕ್ಯಾನ್ಸರಿಗೆ ಮದ್ದು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ನಮ್ಮ ಹಳ್ಳಿಗಳ ಹಳೆಯ ಮಾತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಿಗೆ ಈ ಗಾದೆಯನ್ನು ವಿವರಿಸಲು ನನಗೆ ದೊರೆತ ಅತ್ಯುತ್ತಮ ದೃಷ್ಟಾಂತ ವೈದ್ಯವಿಜ್ಞಾನದ್ದು.

ಹೊರಗಿನಿಂದ ನುಗ್ಗಿದ ಶತ್ರುವನ್ನು ಗುರುತು ಹಿಡಿದು ಅಂಟಿಕೊಳ್ಳುವ ಪ್ರತಿಕಾಯಗಳನ್ನು ನಮ್ಮ ದೇಹವೇ ತಯಾರಿಸುತ್ತದೆ. ಒಂದೊಂದು ಪ್ರತಿಕಾಯಕ್ಕೂ ತಿಳಿದಿರುವುದು ಒಂದೇ ಗುರುತು. ಆದರೆ ಅದನ್ನು ತಯಾರಿಸುವ ಜೀವಕೋಶ ದೇಹದ ಹೊರಗೆ ಬಹುಕಾಲ ಬದುಕದು. 1975ರಲ್ಲಿ ಕೇಂಬ್ರಿಜ್ಜಿನ ಮಿಲ್‌ಸ್ಟೈನ್ ಮತ್ತು ಕೋಹ್ಲರ್ ಎಂಬ ವಿಜ್ಞಾನಿಗಳು ಇಲಿಯ ಅಂತಹ ಕೋಶವನ್ನು ಇಲಿಯದೇ ಕ್ಯಾನ್ಸರ್ ಕೋಶದೊಡನೆ ಬೆಸೆದರು. ಒಂದು ಗುರುತಿಸುವ ವಿದ್ಯೆಯನ್ನಿತ್ತಿತು. ಮತ್ತೊಂದು ಸಾಯದೆ ಬೆಳೆಯುವ ಶಕ್ತಿಯನ್ನಿತ್ತಿತು. ಒಂದೇ ಕೋಶದ ಸಂತತಿಯಿಂದ ಹುಟ್ಟಿದ್ದರಿಂದ ಅದು ಏಕಕುಲದ ಪ್ರತಿಕಾಯ. 1984ರಲ್ಲಿ ಅವರಿಗೆ, ಯರ್ನೆ ಅವರೊಡನೆ, ನೊಬೆಲ್ ಪಾರಿತೋಷಕ ಸಂದಿತು.

ಇಲಿಯ ಪ್ರತಿಕಾಯವನ್ನು ಮನುಷ್ಯದೇಹ ಪರಕೀಯವೆಂದು ತಿರಸ್ಕರಿಸುವುದೇ ತೊಡಕಾಯಿತು. 1986ರಲ್ಲಿ ಗ್ರೆಗ್ ವಿಂಟರ್ ಮತ್ತು ಸಂಗಡಿಗರು ತೋಟಗಾರ ಕಸಿ ಕಟ್ಟುವಂತೆ, ಗುರುತು ಹಿಡಿಯುವ ತುದಿಯನ್ನು ಮಾತ್ರ ಇಲಿಯಿಂದ ಪಡೆದು ಮನುಷ್ಯನ ಪ್ರತಿಕಾಯಕ್ಕೆ ಕೂಡಿಸಿದರು.

ಈ ವಿದ್ಯೆಯ ಫಲ ನಮ್ಮ ನಾಡಿಗೂ ಬಂದಿತು. ಕ್ಯೂಬಾದ ವಿಜ್ಞಾನಿಗಳು ರೂಪಿಸಿದ ನಿಮೊಟುಝುಮಾಬ್ ಎಂಬ ಪ್ರತಿಕಾಯವನ್ನು ತಲೆ-ಕೊರಳುಗಳ ಕ್ಯಾನ್ಸರಿಗಾಗಿ ಬೆಂಗಳೂರಿನ ಬಯೋಕಾನ್ ಸಂಸ್ಥೆ 2006ರಲ್ಲಿ ಹೊರತಂದಿತು. ಕೋಶದ ಮೈಮೇಲೆ ‘ಬೆಳೆ’ ಎಂಬ ಆಜ್ಞೆಯನ್ನು ಸ್ವೀಕರಿಸುವ ಬಾಗಿಲೊಂದಿದೆ. ಈ ಮದ್ದು ಅಲ್ಲಿ ಕುಳಿತು ಆಜ್ಞೆಯನ್ನು ತಡೆಯುತ್ತದೆ. ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ನೀಡುವ ಟ್ರಾಸ್ಟುಝುಮಾಬಿನ ಸದೃಶ ಔಷಧವನ್ನು ಅದೇ ಸಂಸ್ಥೆ 2014ರಲ್ಲಿ ಭಾರತದಲ್ಲಿ ಮಾರುಕಟ್ಟೆಗೆ ತಂದಿತು. 2017ರಲ್ಲಿ ಅಮೆರಿಕವೂ ಅದಕ್ಕೆ ಒಪ್ಪಿಗೆಯಿತ್ತಿತು.

ಇದು ಹೆಮ್ಮೆಯ ಸಂಗತಿ ನಿಜ. ಆದರೆ ಬಾಯಿ-ಗಂಟಲುಗಳ ಕ್ಯಾನ್ಸರಿಗೆ ಮುಖ್ಯ ಕಾರಣಗಳಲ್ಲೊಂದಾದ ಹೊಗೆಸೊಪ್ಪು ನಮ್ಮ ಅರಕಲಗೂಡು ತಾಲ್ಲೂಕಿನ ಹೊಲಗಳಲ್ಲೇ ಬೆಳೆಯುತ್ತದೆ, ರಾಮನಾಥಪುರದಲ್ಲಿ ಹರಾಜಾಗುತ್ತದೆ. ಅದರಿಂದ ಅನ್ನ ಕಾಣುವ ಬೇಸಾಯಗಾರನನ್ನು ದೂಷಿಸಲು ನನಗೆ ನಾಲಗೆ ಬಾರದು. ಆದರೆ ಈ ಮದ್ದುಗಳು ದುಬಾರಿ. ಶಸ್ತ್ರಚಿಕಿತ್ಸೆ, ವಿಕಿರಣಗಳ ಅಗತ್ಯವನ್ನು ಅವು ಪೂರ್ತಿಯಾಗಿ ನೀಗಿಸಿಲ್ಲ. ಬೇನೆ ಬೇಗ ಪತ್ತೆಯಾದಷ್ಟೂ ಬದುಕುವ ಭರವಸೆ ಹೆಚ್ಚು.

ಎಲೆಯಡಿಕೆಯೊಡನೆ ಹೊಗೆಸೊಪ್ಪು ಮೆಲ್ಲುವ ಅಜ್ಜಿಯ ಬಾಯಲ್ಲಿ ಎರಡು ಮೂರು ವಾರವಾದರೂ ಮಾಯದ ಹುಣ್ಣೋ ಬಿಳಿಯ ಮಚ್ಚೆಯೋ ಇದ್ದರೆ, ಅದು ಮೊದಲು ತಿಳಿಯುವುದು ಮನೆಯ ಮಕ್ಕಳಿಗೆ. ಓದಿದ ಮೊಮ್ಮಗ ಅಂದೇ ಆಕೆಯನ್ನು ವೈದ್ಯರಲ್ಲಿಗೆ ಕರೆದೊಯ್ಯಲಿ.