ಸಾಮಿಲ್ಲುಗಳನ್ನು ಕಾಡಿನಿಂದ ಹೊರಗಟ್ಟಿದ ಬೆಂಕಿ

1939ರ ಜನವರಿ 13, ಶುಕ್ರವಾರ. ಆಸ್ಟ್ರೇಲಿಯಾದಲ್ಲಿ ಅದು ನಡುಬೇಸಿಗೆ; ಮೆಲ್ಬರ್ನ್‌ನಲ್ಲಿ ಬಿಸಿಲು 45.6 ಡಿಗ್ರಿಗೆ ಏರಿತ್ತು. ವಿಕ್ಟೋರಿಯಾ ರಾಜ್ಯದ ಬೆಟ್ಟಗಳಲ್ಲಿ ಅಲ್ಲಲ್ಲಿ ಹೊಗೆಯಾಡುತ್ತಿದ್ದ ಬೆಂಕಿಗಳು ಅಂದಿನ ಬಿರುಗಾಳಿಗೆ ಒಂದಾಗಿ ಭುಗಿಲೆದ್ದವು. 71 ಜನ ಸತ್ತರು. ಸುಮಾರು 20 ಲಕ್ಷ ಹೆಕ್ಟೇರ್ ನೆಲ ಸುಟ್ಟಿತು, 69 ಸಾಮಿಲ್ಲುಗಳು ಬೂದಿಯಾದವು.

ಅಷ್ಟೊಂದು ಮಿಲ್ಲುಗಳು ಬೆಂಕಿಯ ಬಾಯಿಗೆ ಸಿಕ್ಕಿದ್ದಕ್ಕೆ ಕಾರಣವಿತ್ತು. ಅಲ್ಲಿನ ಮೌಂಟನ್ ಆ್ಯಶ್ ಮರ ನೀಲಗಿರಿಯ ಜಾತಿಯದು, 90 ಮೀಟರಿಗೂ ಎತ್ತರ ಬೆಳೆಯಬಲ್ಲದು. ಇಂಥ ದೈತ್ಯ ದಿಮ್ಮಿಗಳನ್ನು ಬೆಟ್ಟದಿಂದ ಇಳಿಸುವ ಬದಲು ಮಿಲ್ಲನ್ನೇ ಕಾಡಿನ ನಡುವೆ ಹೂಡುತ್ತಿದ್ದರು. ಕೊಯ್ದ ಹಲಗೆಗಳು ಸಣ್ಣ ಹಳಿಗಳ ಮೇಲೆ ಊರಿಗೆ ಇಳಿಯುತ್ತಿದ್ದವು. ಕೆಲಸಗಾರರು ಹೆಂಡತಿ ಮಕ್ಕಳೊಂದಿಗೆ ಅಲ್ಲೇ ಮರದ ಮನೆಗಳಲ್ಲಿದ್ದರು. ಸುತ್ತ ಒಣಗಿದ ರೆಂಬೆಗಳು, ತೊಗಟೆ, ಮರದ ಹೊಟ್ಟಿನ ರಾಶಿ.

ಬೆಂಕಿ ಬಂದರೆ ಅಡಗಲು ನೆಲದೊಳಗೆ ಗುಂಡಿ ತೋಡಿ, ದಿಮ್ಮಿ ಹಾಸಿ, ಮೇಲೆ ಮಣ್ಣು ಮುಚ್ಚುವ ಪದ್ಧತಿಯಿತ್ತು. ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿಕೊಂಡು ಹಲವರು ಅದರೊಳಗೆ ಜೀವ ಉಳಿಸಿಕೊಂಡರು. ಎಷ್ಟೋ ಮಿಲ್ಲುಗಳಲ್ಲಿ ಆ ಗುಂಡಿಯೇ ಇರಲಿಲ್ಲ. ಮ್ಯಾಟ್ಲಾಕ್ ಬಳಿಯ ಒಂದೇ ಮಿಲ್ಲಿನಲ್ಲಿ 15 ಮಂದಿ ಬೆಂದುಹೋದರು.

ವಿಚಾರಣೆ ನಡೆಸಿದ ನ್ಯಾಯಾಧೀಶ ಲೆನರ್ಡ್ ಸ್ಟ್ರೆಟನ್, ಬೆಂಕಿ ಹಚ್ಚಿದ್ದು ಮನುಷ್ಯನ ಕೈಯೇ ಎಂದು ಮುಲಾಜಿಲ್ಲದೆ ಬರೆದರು. ಹೊಲಕ್ಕಾಗಿ ಕಾಡು ಸವರುವವರು, ಹೊಸ ಹುಲ್ಲಿಗಾಗಿ ಬೆಂಕಿಯಿಡುವ ದನಗಾಹಿಗಳು, ಗಣಿಯವರು, ಎಲ್ಲರೂ ಅವರ ವರದಿಯಲ್ಲಿದ್ದರು. ಮಿಲ್ಲುಗಳು ಒಂದೊಂದಾಗಿ ಕಾಡು ಬಿಟ್ಟು ಊರು ಸೇರಿದವು. ಲಾರಿ ಮತ್ತು ರಸ್ತೆ ಆ ಬದಲಾವಣೆಗೆ ಒದಗಿಬಂದವು. ಹಳಿ ಸುತ್ತಲಿನ ಆ ಬದುಕು ಮುಗಿಯಿತು. 1944ರ ಕಾಯ್ದೆ ಹಳ್ಳಿಗಾಡಿಗೆಂದೇ ಪ್ರತ್ಯೇಕ ಅಗ್ನಿಶಾಮಕ ಸಂಸ್ಥೆಗೆ ದಾರಿ ಮಾಡಿತು.

ಮನುಷ್ಯರು ಜಾಗ ಬದಲಿಸಿದರೂ ಬೆಂಕಿ ಮರಳಿತು: 2009ರ ಫೆಬ್ರವರಿ 7ರಂದು ಅದೇ ರಾಜ್ಯದಲ್ಲಿ ಹೊತ್ತಿದ ಬೆಂಕಿ 173 ಜನರನ್ನು ಬಲಿ ಪಡೆಯಿತು.

ಮರದ ಕಥೆ ಬೇರೆ. ಕಡಿದ ಬುಡದಿಂದ ಚಿಗುರುವ ನಮ್ಮ ಹೊಲಗಳ ನೀಲಗಿರಿಯಂತಲ್ಲ ಮೌಂಟನ್ ಆ್ಯಶ್. ಜೋರು ಬೆಂಕಿಗೆ ಅದು ಸತ್ತೇ ಹೋಗುತ್ತದೆ. ಆದರೆ ಆ ಶಾಖಕ್ಕೆ ಕಾಯಿಗಳು ಬಿರಿದು ಬೂದಿಯ ಮೇಲೆ ಬೀಜ ಸುರಿಯುತ್ತವೆ, ಹೊಸ ಕಾಡು ಒಟ್ಟಿಗೇ ಏಳುತ್ತದೆ. ಆ ಸಸಿ ಕಾಯಿ ಬಿಡಲು 15ರಿಂದ 20 ವರ್ಷ ಬೇಕು. ಅಷ್ಟರೊಳಗೆ ಇನ್ನೊಮ್ಮೆ ಬೆಂಕಿ ಬಿದ್ದರೆ ಬಿತ್ತಲು ಬೀಜವೇ ಇಲ್ಲ. ಆ ಜಾಗವನ್ನು ಅಕೇಶಿಯಾ ಜಾತಿಯ ಗಿಡಗಳು ಹಿಡಿಯುತ್ತವೆ. 2024ರ ಜನವರಿಯಿಂದ ವಿಕ್ಟೋರಿಯಾ ತನ್ನ ಸರ್ಕಾರಿ ನೈಸರ್ಗಿಕ ಕಾಡುಗಳಲ್ಲಿ ವಾಣಿಜ್ಯ ಮರಕಡಿತ ನಿಲ್ಲಿಸಿದೆ. ಪದೇಪದೇ ಸುಟ್ಟ ಬೆಟ್ಟಗಳಿಗೆ ಈಗ ಹೆಲಿಕಾಪ್ಟರಿನಿಂದ ಬೀಜ ಚೆಲ್ಲಲಾಗುತ್ತಿದೆ.